ಹಣ್ಣಿನ ಹೂರಣದ ಕರಿದ ಪೈ: ಬಾಣಲೆಯಲ್ಲಿ ಬಾಯಿ ಬಿಡದ ಹಾಗೆ ಮಾಡುವುದು ಹೇಗೆ?

ಮೊದಲ ಸಲ ನಾನು ಅನಾನಸ್ ಪೈ ಕರಿದಾಗ, ಎಂಟರಲ್ಲಿ ಐದು ಬಾಣಲೆಯಲ್ಲೇ ಬಾಯಿ ಬಿಟ್ಟವು. ಹೂರಣ ಎಣ್ಣೆಗೆ ಸುರಿಯಿತು, ಸಕ್ಕರೆ ಸೀದು ಕಪ್ಪಾಯಿತು. ಎಣ್ಣೆ ಸಿಡಿದು ಮಣಿಕಟ್ಟಿನ ಮೇಲೆ ಎರಡು ಬೊಬ್ಬೆ ಎದ್ದವು. ನಮ್ಮತ್ತೆ ಬಂದು ಒಲೆ ಆರಿಸಿದರು, ನನ್ನ ಕೈಯನ್ನು ನಲ್ಲಿ ನೀರಿನ ಕೆಳಗೆ ಹಿಡಿಸಿದರು. ಆಮೇಲೆ ಕೇಳಿದ್ದು ಒಂದೇ ಮಾತು: "ಹೂರಣ ಆರಿತ್ತೇನಮ್ಮ?"

ಆರಿರಲಿಲ್ಲ. ಹೂರಣ ಬೆಚ್ಚಗಿತ್ತು, ತೇವವಾಗಿತ್ತು. ಗೌರಿ ಹಬ್ಬಕ್ಕೆ ಕರಿಗಡುಬು ಮಾಡುವಾಗ ಅತ್ತೆ ಬೇಳೆ ಹೂರಣವನ್ನು ಅಗಲ ತಟ್ಟೆಗೆ ಹರಡಿ ಫ್ಯಾನ್ ಕೆಳಗೆ ಇಡುವುದನ್ನು ವರ್ಷಾನುಗಟ್ಟಲೆ ನೋಡಿದ್ದೆ. ಪೈ ಅನ್ನೋ ಹೆಸರು ಕೇಳಿದ ಕೂಡಲೇ ಅದನ್ನೆಲ್ಲ ಮರೆತುಬಿಟ್ಟಿದ್ದೆ. ಇದು ಬೇರೆ ದೇಶದ ತಿಂಡಿ, ಇದರ ಲೆಕ್ಕವೇ ಬೇರೆ ಅಂದುಕೊಂಡಿದ್ದೆ. ಹಾಗೇನಿಲ್ಲ. ಕರಿದ ಪೈ ಅಂದರೆ ನಮ್ಮ ಕರಿಗಡುಬಿನ ತಂಗಿ. ಕಣಕ, ಹೂರಣ, ಅಂಚು, ಎಣ್ಣೆ, ಎಲ್ಲ ಅದೇ. ಒಂದೇ ವ್ಯತ್ಯಾಸ, ಹಣ್ಣಿನಲ್ಲಿ ನೀರು ಜಾಸ್ತಿ. ಆ ನೀರನ್ನು ಹೇಗೆ ಸಂಭಾಳಿಸಬೇಕು ಅನ್ನುವುದು ಗೊತ್ತಾದರೆ ಪೈ ನಿಮ್ಮ ಮಾತು ಕೇಳುತ್ತದೆ.

ನೀರು ಯಾಕೆ ಇಷ್ಟು ತೊಂದರೆ ಕೊಡುತ್ತದೆ? ನೀರು ಹಬೆಯಾದಾಗ ಮೊದಲಿಗಿಂತ 1,600 ಪಟ್ಟಿಗೂ ಜಾಸ್ತಿ ಜಾಗ ಬೇಡುತ್ತದೆ. ಮುಚ್ಚಿದ ಕಣಕದ ಒಳಗೆ ಆ ಜಾಗ ಎಲ್ಲಿದೆ? ಅಂಚು ಎಲ್ಲಿ ಸಡಿಲವೋ ಅಲ್ಲಿಂದ ನುಗ್ಗಿ ಹೊರಗೆ ಬರುತ್ತದೆ. ಬಿಸಿ ಎಣ್ಣೆಗೆ ಬಿದ್ದ ಪ್ರತಿ ಹನಿಯೂ ಸಿಡಿಯುತ್ತದೆ.

ಅಮೆರಿಕದ ದಕ್ಷಿಣದ ರಾಜ್ಯಗಳಲ್ಲಿ ಈ ತಿಂಡಿ ಹಳ್ಳಿ ಮನೆಗಳದ್ದು. ಅಲ್ಲಿ ಹಳೆಯ ಪದ್ಧತಿಯಲ್ಲಿ ಒಣಗಿಸಿದ ಸೇಬು, ಒಣಗಿಸಿದ ಪೀಚ್ ಹಣ್ಣನ್ನು ನೆನೆಸಿ, ಬೇಯಿಸಿ, ಅರ್ಧಚಂದ್ರದ ಆಕಾರದಲ್ಲಿ ಮಡಚಿ ಕಬ್ಬಿಣದ ಬಾಣಲೆಯಲ್ಲಿ ಕರಿಯುತ್ತಿದ್ದರು. ಸುಗ್ಗಿಯಲ್ಲಿ ಒಣಗಿಸಿಟ್ಟ ಹಣ್ಣು ವರ್ಷವಿಡೀ ಸಿಗುತ್ತಿತ್ತು. ಒಣಗಿದ ಹಣ್ಣನ್ನು ಬೇಯಿಸಿದರೆ ತಾಜಾ ಹಣ್ಣಿನ ಹಾಗೆ ರಸ ಬಿಡುವುದಿಲ್ಲ, ದಪ್ಪ ಗೊಜ್ಜಿನ ಹಾಗೆ ಆಗುತ್ತದೆ. ಕರಿಯಲು ಅದು ಹೇಳಿ ಮಾಡಿಸಿದ ಹೂರಣ. 1968ರಲ್ಲಿ ಮೆಕ್‌ಡೊನಾಲ್ಡ್ಸ್ ಸೇಬಿನ ಕರಿದ ಪೈಯನ್ನು ಅಮೆರಿಕದ ತನ್ನ ಅಂಗಡಿಗಳಲ್ಲೆಲ್ಲ ಮಾರಲು ಶುರು ಮಾಡಿತು. 1992ರಲ್ಲಿ ಅಲ್ಲಿ ಬಹುಪಾಲು ಕಡೆ ಕರಿಯುವುದನ್ನು ಬಿಟ್ಟು ಬೇಕ್ ಮಾಡತೊಡಗಿತು. ನನಗೆ ಕೇಳಿದರೆ ಕರಿದದ್ದರ ಗರಿಗರಿಯೇ ಬೇರೆ.

ಯಾವ ಹಣ್ಣು ತರುವುದು?

ಬೆಂಗಳೂರಿನಲ್ಲಿ ವರ್ಷಪೂರ್ತಿ ಸಿಗುವುದು, ಹದ ತಪ್ಪಿದರೂ ಕ್ಷಮಿಸುವುದು ಅನಾನಸ್. ಹಾಗಾಗಿ ಈ ಲೇಖನದ ಅಳತೆಯೆಲ್ಲ ಅದಕ್ಕೇ ಇದೆ. ಬನವಾಸಿ ಕಡೆಯ ಅನಾನಸ್ ಸಿಕ್ಕರೆ ಬಿಡಬೇಡಿ. ಗಾಂಧಿ ಬಜಾರಿನಲ್ಲೋ, ಮಲ್ಲೇಶ್ವರದ 8ನೇ ಕ್ರಾಸಿನಲ್ಲೋ, ಮನೆ ಹತ್ತಿರದ ಹಾಪ್‌ಕಾಮ್ಸ್‌ನಲ್ಲೋ ತಗೊಳ್ಳಿ. ಬುಡ ಮೂಸಿದರೆ ಘಮ ಬರಬೇಕು, ಒತ್ತಿದರೆ ಗಟ್ಟಿ ಇರಬೇಕು. ಹೆಚ್ಚಿ ಪ್ಲಾಸ್ಟಿಕ್ ಡಬ್ಬಿಯಲ್ಲಿಟ್ಟ ಹೋಳುಗಳನ್ನು ತರಬೇಡಿ. ಅವು ಆಗಲೇ ರಸ ಬಿಟ್ಟು ಮೆತ್ತಗಾಗಿರುತ್ತವೆ.

ಮಾವಿನ ಕಾಲ ಬಂದರೆ ನನ್ನ ಓಟು ತೋತಾಪುರಿಗೆ. ಗಿಣಿಮೂತಿ ಅಂತ ಉಪ್ಪು ಖಾರ ಹಚ್ಚಿ ತಿನ್ನುತ್ತೀವಲ್ಲ, ಅದೇ. ಪೂರ್ತಿ ಹಣ್ಣಾಗುವ ಮುಂಚೆ, ಒಳಗೆ ಹಳದಿಗೆ ತಿರುಗಿದ್ದನ್ನು ಆರಿಸಿ. ಹುಳಿ ಇರುತ್ತದೆ, ಬೇಯಿಸಿದರೂ ಹೋಳು ಹೋಳಾಗಿಯೇ ಉಳಿಯುತ್ತದೆ. ಬಾದಾಮಿಯೂ ಆಗುತ್ತದೆ, ಆದರೆ ಸಕ್ಕರೆ ಅರ್ಧಕ್ಕೆ ಇಳಿಸಿ ನಿಂಬೆರಸ ಹಿಂಡಬೇಕು. ರಸಪುರಿಯನ್ನು ಮಾತ್ರ ಇದಕ್ಕೆ ಬಳಸಬೇಡಿ. ಅದು ಬರೀ ರಸ. ಸೀಕರಣೆ ಮಾಡಿ ಒಬ್ಬಟ್ಟಿನ ಜೊತೆ ತಿನ್ನುವ ಹಣ್ಣು ಅದು. ಲಾಲ್‌ಬಾಗಿನ ಮಾವು ಮೇಳಕ್ಕೆ ಹೋದಾಗ ಎರಡೂ ತನ್ನಿ, ಒಂದು ಪೈಗೆ, ಒಂದು ಸೀಕರಣೆಗೆ.

ದೊಡ್ಡಬಳ್ಳಾಪುರದ ತೂಬಗೆರೆ ಹಲಸು ಮನೆಗೆ ಬಂದ ದಿನ ಬೇರೆ ಯೋಚನೆಯೇ ಬೇಡ. ತೊಳೆಗಳನ್ನು ಸಣ್ಣಗೆ ಹೆಚ್ಚಿ, ತುಪ್ಪದಲ್ಲಿ ಬಾಡಿಸಿ, ಬೆಲ್ಲ ಮತ್ತು ಒಂದು ಹಿಡಿ ಒಣಕೊಬ್ಬರಿ ತುರಿ ಹಾಕಿ ಮಗುಚಿ. ತೇವವನ್ನೆಲ್ಲ ಕೊಬ್ಬರಿ ಕುಡಿದುಬಿಡುತ್ತದೆ. ಏಲಕ್ಕಿ ಬಾಳೆಗೂ ಇದೇ ಕ್ರಮ. ಸೇಬಾದರೆ ಸಿಪ್ಪೆ ತೆಗೆದು, ಸ್ವಲ್ಪ ಹುಳಿ ಇರುವುದನ್ನೇ ಆರಿಸಿ, ಏಲಕ್ಕಿ ಬದಲು ಚಕ್ಕೆ ಪುಡಿ ಹಾಕಿ. ಕಲ್ಲಂಗಡಿ, ಪಪ್ಪಾಯಿ, ಕಿತ್ತಳೆ ಇದಕ್ಕೆ ಒಗ್ಗುವುದಿಲ್ಲ. ನಮ್ಮೂರಿನ ನೀಲಿ ದ್ರಾಕ್ಷಿಗೆ ಬೀಜದ ತೊಂದರೆ, ಸುಮ್ನೆ ತಿನ್ನುವುದೇ ಚೆನ್ನ.

ಹೂರಣ

12 ಪೈಗೆ ಸಿಪ್ಪೆ ಮತ್ತು ನಡುವಿನ ದಿಂಡು ತೆಗೆದ ಅನಾನಸ್ ಹೋಳು 450 ಗ್ರಾಂ ಬೇಕು. ಒಂದು ಮಧ್ಯಮ ಗಾತ್ರದ ಹಣ್ಣು ಸಾಕಾಗುತ್ತದೆ. ಹೋಳು ಕಡಲೆಬೀಜದ ಗಾತ್ರಕ್ಕಿಂತ ದೊಡ್ಡದಾಗದ ಹಾಗೆ ಹೆಚ್ಚಿ. ದೊಡ್ಡ ಹೋಳು ಒಳಗಿನಿಂದ ಕಣಕಕ್ಕೆ ಚುಚ್ಚುತ್ತದೆ, ಮಡಚುವಾಗ ಅಲ್ಲೇ ಹರಿಯುತ್ತದೆ.

ಹೋಳಿಗೆ 100 ಗ್ರಾಂ ಸಕ್ಕರೆ, ಒಂದು ಚಿಟಿಕೆ ಉಪ್ಪು ಬೆರೆಸಿ 20 ನಿಮಿಷ ಬಿಡಿ. ಬಹಳ ಜನ ಈ ಹೆಜ್ಜೆಯನ್ನು ಬಿಟ್ಟು ನೇರ ಒಲೆಗೆ ಇಡುತ್ತಾರೆ. ನಾನೂ ಹಾಗೇ ಮಾಡುತ್ತಿದ್ದೆ. ಆಗ ಏನಾಗುತ್ತದೆ ಅಂದರೆ, ರಸ ಇಂಗುವಷ್ಟರಲ್ಲಿ ಹಣ್ಣು ಬೆಂದು ಬೆಂದು ನಾರಾಗುತ್ತದೆ. ಕಾದು ನೋಡಿ, ಸಕ್ಕರೆ ಹಣ್ಣಿನ ನೀರನ್ನು ತಾನಾಗಿಯೇ ಎಳೆದು ಹೊರಗೆ ತಂದಿರುತ್ತದೆ. ಅದನ್ನು ಜರಡಿಯಲ್ಲಿ ಸೋಸಿ. ಹೋಳು ಒಂದು ಕಡೆ, ರಸ ಒಂದು ಕಡೆ.

ಈಗ ಅಗಲವಾದ ಪಾತ್ರೆಯಲ್ಲಿ ಬರೀ ರಸವನ್ನು ಕುದಿಸಿ. ಅಗಲ ಪಾತ್ರೆಯೇ ಆಗಬೇಕು, ಬಾಯಿ ಕಿರಿದಾದರೆ ಹಬೆ ಬೇಗ ಹೋಗುವುದಿಲ್ಲ. ರಸ ಜೇನಿನ ಹಾಗೆ ಆದಾಗ ಹೋಳು ಹಾಕಿ. ಹಣ್ಣು ಮತ್ತೆ ಸ್ವಲ್ಪ ನೀರು ಬಿಡುತ್ತದೆ, ಗಾಬರಿ ಬೇಡ. ಮಧ್ಯಮ ಉರಿಯಲ್ಲಿ 8 ರಿಂದ 10 ನಿಮಿಷ ಮಗುಚುತ್ತಿರಿ. ಸೌಟಿನಿಂದ ಪಾತ್ರೆಯ ತಳದಲ್ಲಿ ಒಂದು ಗೆರೆ ಎಳೆದು ನೋಡಿ. ಗೆರೆ ತಕ್ಷಣ ಮುಚ್ಚಿಕೊಂಡರೆ ಇನ್ನೂ ನೀರಿದೆ ಅಂತ ಅರ್ಥ. ಎರಡು ಮೂರು ಸೆಕೆಂಡ್ ದಾರಿ ಬಿಟ್ಟುಕೊಂಡು ನಿಂತರೆ ಹದ ಬಂತು.

ಕೊನೆಗೆ 2 ಟೀ ಚಮಚ ಕಾರ್ನ್‌ಫ್ಲೋರ್ ಅನ್ನು 1 ದೊಡ್ಡ ಚಮಚ ತಣ್ಣೀರಿನಲ್ಲಿ ಕದಡಿ ಸುರಿಯಿರಿ. ಒಂದು ನಿಮಿಷ ಕುದಿದು ಹೊಳಪು ಬಂದ ಮೇಲೆ ಒಲೆ ಆರಿಸಿ. ಮೊದಲೇ ಹಾಕಿದರೆ ಅನಾನಸ್ ಹುಳಿಯಲ್ಲಿ ತುಂಬಾ ಹೊತ್ತು ಕುದಿದು ಕಾರ್ನ್‌ಫ್ಲೋರ್ ತನ್ನ ಹಿಡಿತ ಕಳೆದುಕೊಳ್ಳುತ್ತದೆ, ಹೂರಣ ಮತ್ತೆ ತೆಳ್ಳಗಾಗುತ್ತದೆ. ಒಂದು ಚಮಚ ತುಪ್ಪ, ಅರ್ಧ ಚಮಚ ಏಲಕ್ಕಿ ಪುಡಿ ಹಾಕಿ ಕಲಸಿ.

ಇನ್ನು ಅತ್ತೆಯ ಪಾಠ. ಹೂರಣವನ್ನು ಬಟ್ಟಲಲ್ಲಿ ಬಿಡಬೇಡಿ. ಊಟದ ತಟ್ಟೆಗೆ ತೆಳ್ಳಗೆ ಹರಡಿ, ಮುಚ್ಚದೆ ಅರ್ಧ ಗಂಟೆ ಫ್ಯಾನ್ ಕೆಳಗಿಡಿ. ಬಿಸಿ ಇರುವಾಗ ಮುಚ್ಚಿದರೆ ಹಬೆ ಮುಚ್ಚಳಕ್ಕೆ ಕೂತು, ನೀರಾಗಿ ಮತ್ತೆ ಹೂರಣಕ್ಕೇ ಬೀಳುತ್ತದೆ. ಆಮೇಲೆ ಒಂದು ಗಂಟೆ ಫ್ರಿಜ್ಜಿನಲ್ಲಿಡಿ. ತಟ್ಟೆಯನ್ನು ಓರೆ ಮಾಡಿದರೂ ಹೂರಣ ಜಾರಬಾರದು. ಸಮಯ ಇದ್ದರೆ ಹಿಂದಿನ ರಾತ್ರಿಯೇ ಮಾಡಿಟ್ಟುಬಿಡಿ, ಮಾರನೇ ದಿನ ಅರ್ಧ ಕೆಲಸ ಮುಗಿದ ಹಾಗೆ.

ಕಣಕ

ಮೈದಾ 250 ಗ್ರಾಂ, ಚಿರೋಟಿ ರವೆ 2 ದೊಡ್ಡ ಚಮಚ, ಉಪ್ಪು ಅರ್ಧ ಟೀ ಚಮಚ, ಸಕ್ಕರೆ 1 ದೊಡ್ಡ ಚಮಚ, ತಣ್ಣಗಿನ ಬೆಣ್ಣೆ 75 ಗ್ರಾಂ, ಫ್ರಿಜ್ಜಿನ ನೀರು ಸುಮಾರು 100 ಮಿಲಿ. ಉಪ್ಪು ಹಾಕಿದ ಬೆಣ್ಣೆಯಾದರೆ ಬೇರೆ ಉಪ್ಪು ಬೇಡ.

ಬೇಕ್ ಮಾಡುವ ಪೈಯ ಅಳತೆ ನೋಡಿದವರಿಗೆ ಈ ಬೆಣ್ಣೆ ಕಡಿಮೆ ಅನ್ನಿಸಬಹುದು. ಅಲ್ಲಿ ಹಿಟ್ಟಿನ ಅರ್ಧದಷ್ಟು, ಕೆಲವು ಸಲ ಅದಕ್ಕೂ ಜಾಸ್ತಿ ಬೆಣ್ಣೆ ಹಾಕುತ್ತಾರೆ. ಕರಿಯುವುದಕ್ಕೆ ಅಷ್ಟು ಹಾಕಿದರೆ ಕೆಲಸ ಕೆಡುತ್ತದೆ. ಕಣಕ ಎಣ್ಣೆಯಲ್ಲಿ ಪುಡಿಪುಡಿಯಾಗಿ ಉದುರುತ್ತದೆ. ಹಿಟ್ಟಿನ ತೂಕದ ಮೂರನೇ ಒಂದು ಭಾಗ ದಾಟದಿರುವುದು ಒಳ್ಳೆಯದು. ಚಿರೋಟಿ ರವೆ ನಮ್ಮ ಕರ್ಜಿಕಾಯಿಯಿಂದ ಎರವಲು ತಂದದ್ದು. ಅದು ಸೇರಿದರೆ ಗರಿಗರಿ ಜಾಸ್ತಿ ಹೊತ್ತು ಉಳಿಯುತ್ತದೆ.

ಬೆಣ್ಣೆಯನ್ನು ಸಣ್ಣ ತುಂಡು ಮಾಡಿ ಹಿಟ್ಟಿಗೆ ಹಾಕಿ, ಬೆರಳ ತುದಿಯಲ್ಲಿ ಉಜ್ಜಿ. ಅಂಗೈ ಬೇಡ, ಅದು ಬಿಸಿ. ಹಿಟ್ಟು ಒದ್ದೆ ರವೆಯ ಹಾಗೆ ಕಾಣಬೇಕು, ಮುಷ್ಟಿಯಲ್ಲಿ ಹಿಡಿದರೆ ಉಂಡೆ ನಿಲ್ಲಬೇಕು. ಬೆಣ್ಣೆಯ ದೊಡ್ಡ ತುಂಡು ಉಳಿದರೆ ಎಣ್ಣೆಯಲ್ಲಿ ಅದು ಕರಗಿ ಹೋಗಿ, ಆ ಜಾಗದಲ್ಲಿ ತೂತು ಬೀಳಬಹುದು. ಡಿಸೆಂಬರ್ ಜನವರಿಯಲ್ಲಿ ಬೆಂಗಳೂರಿನ ಚಳಿಯೇ ಸಾಕು, ಬೆಣ್ಣೆ ಗಟ್ಟಿಯಾಗಿರುತ್ತದೆ. ಏಪ್ರಿಲ್‌ನಲ್ಲಿ ಮಾಡುವುದಾದರೆ ಹಿಟ್ಟಿನ ಬೋಗುಣಿಯನ್ನೂ ಹತ್ತು ನಿಮಿಷ ಫ್ರಿಜ್ಜಿಗೆ ಸೇರಿಸಿ.

ಬೆಣ್ಣೆ ಬದಲು ತುಪ್ಪ ಹಾಕುವುದಾದರೆ 60 ಗ್ರಾಂ ಸಾಕು. ಬೆಣ್ಣೆಯಲ್ಲಿ ಒಂದಷ್ಟು ನೀರೂ ಇರುತ್ತದೆ, ತುಪ್ಪದಲ್ಲಿ ಇರುವುದಿಲ್ಲ.

ನೀರನ್ನು ಸ್ವಲ್ಪ ಸ್ವಲ್ಪವೇ ಚಿಮುಕಿಸಿ ಕಲಸಿ. ಪೂರಿ ಹಿಟ್ಟಿನ ಹದ ಬರಬೇಕು, ಚಪಾತಿಯಷ್ಟು ಮೆತ್ತಗಲ್ಲ. 100 ಮಿಲಿ ಪೂರ್ತಿ ಬೇಕಾಗದೇ ಇರಬಹುದು. ಮಳೆಗಾಲದಲ್ಲಿ ನನಗೆ 90ರಲ್ಲೇ ಮುಗಿಯುತ್ತದೆ. ಒಂದಾದ ಕೂಡಲೇ ನಿಲ್ಲಿಸಿ, ಒಬ್ಬಟ್ಟಿನ ಕಣಕದ ಹಾಗೆ ನಾದಿ ನಾದಿ ಜಿಗುಟು ಮಾಡುವುದು ಇಲ್ಲಿ ಬೇಡ. ಒದ್ದೆ ಬಟ್ಟೆ ಮುಚ್ಚಿ 30 ನಿಮಿಷ ಬಿಡಿ. ಬಿಡದಿದ್ದರೆ ಲಟ್ಟಿಸಿದ ಹಾಳೆ ರಬ್ಬರಿನ ಹಾಗೆ ಹಿಂದಕ್ಕೆ ಬರುತ್ತದೆ.

ತುಂಬುವುದು, ಮುಚ್ಚುವುದು

ಕಣಕವನ್ನು 12 ಉಂಡೆ ಮಾಡಿ, ಒಂದೊಂದು ಸುಮಾರು 38 ಗ್ರಾಂ ಬರುತ್ತದೆ. ಒಂದನ್ನು ಲಟ್ಟಿಸುವಾಗ ಉಳಿದದ್ದನ್ನು ಮುಚ್ಚಿಡಿ. 12 ಸೆಂಟಿಮೀಟರ್ ಅಗಲ ಲಟ್ಟಿಸಿ, ಪೂರಿಗಿಂತ ಸ್ವಲ್ಪ ದಪ್ಪ ಇರಲಿ. ಮಣೆಗೆ ಒಣ ಹಿಟ್ಟು ಜಾಸ್ತಿ ಉದುರಿಸಬೇಡಿ. ಆ ಹಿಟ್ಟು ಎಣ್ಣೆಯ ತಳಕ್ಕೆ ಹೋಗಿ ಸೀಯುತ್ತದೆ. ಅಂಚಿಗೆ ಹಿಟ್ಟು ಮೆತ್ತಿಕೊಂಡರೆ ಅಂಟುವುದೂ ಇಲ್ಲ.

ಒಂದು ದೊಡ್ಡ ಚಮಚ ತುಂಬಾ ಹೂರಣವನ್ನು ನಡುವಿಗಿಂತ ಸ್ವಲ್ಪ ಈಚೆಗೆ ಇಡಿ. ಆಸೆಗೆ ಇನ್ನರ್ಧ ಚಮಚ ಹಾಕೋಣ ಅನ್ನಿಸುತ್ತದೆ, ಅಲ್ವಾ? ಮೊದಲ ನಾಲ್ಕು ಪೈಗೆ ಆ ಆಸೆ ಬೇಡ. ಕೈ ಪಳಗಿದ ಮೇಲೆ ಒಂದೂವರೆ ಚಮಚದವರೆಗೆ ಹೋಗಬಹುದು. ಸುತ್ತ ಒಂದೂವರೆ ಸೆಂಟಿಮೀಟರ್ ಅಂಚು ಖಾಲಿ ಇರಬೇಕು. ಆ ಅಂಚಿಗೆ ಪಾಕದ ಒಂದು ಹನಿ ತಾಗಿದರೂ ಅಲ್ಲಿ ಬಾಯಿ ಬಿಡುವುದು ಖಂಡಿತ. ತಾಗಿದರೆ ಒದ್ದೆ ಬಟ್ಟೆಯಲ್ಲಿ ಒರೆಸಿ.

ಒಂದು ಚಮಚ ಮೈದಾವನ್ನು ನೀರಿನಲ್ಲಿ ಕಲಸಿ ತೆಳು ಗೋಂದು ಮಾಡಿಕೊಳ್ಳಿ. ಬೆರಳಿನಿಂದ ಅಂಚಿನ ಸುತ್ತ ಸವರಿ. ಮಡಚಿ. ಮೊದಲು ಹೂರಣದ ಪಕ್ಕದಿಂದ ಶುರು ಮಾಡಿ, ಹೊರಗಡೆಗೆ ಒತ್ತುತ್ತಾ ಬನ್ನಿ. ಒಳಗಿನ ಗಾಳಿ ಹೊರಗೆ ಹೋಗಬೇಕು. ಗಾಳಿ ಉಳಿದರೆ ಅದೂ ಬಿಸಿಗೆ ಹಿಗ್ಗುತ್ತದೆ. ಆಮೇಲೆ ಫೋರ್ಕ್‌ನಿಂದ ಎರಡೂ ಕಡೆ ಅಂಚು ಒತ್ತಿ. ತೀರಾ ಜೋರಾಗಿ ಬೇಡ, ಫೋರ್ಕಿನ ಹಲ್ಲು ಕಣಕವನ್ನು ಕತ್ತರಿಸಬಾರದು.

ಕರ್ಜಿಕಾಯಿ ಅಚ್ಚು ಇದ್ದವರು ಅದರಲ್ಲೂ ಮಾಡಬಹುದು. ಆದರೆ ಚಿಕ್ಕ ಅಚ್ಚಿನಲ್ಲಿ ಹಣ್ಣಿನ ಹೂರಣ ಅಂಚಿಗೆ ಬರುವುದು ಜಾಸ್ತಿ. ನನಗಂತೂ ಅತ್ತೆ ಕಲಿಸಿದ ಕೈಮಡಿಕೆಯೇ ಎಲ್ಲಕ್ಕಿಂತ ಗಟ್ಟಿ ಅನ್ನಿಸಿದೆ. ಅಂಚಿನ ಒಂದು ಮೂಲೆಯನ್ನು ಹಿಡಿದು ಸ್ವಲ್ಪ ಹಿಗ್ಗಿಸಿ ಒಳಗೆ ಮಡಚಿ ಒತ್ತುವುದು, ಪಕ್ಕದ್ದನ್ನು ಅದರ ಮೇಲೆ ಮಡಚಿ ಒತ್ತುವುದು, ಹೀಗೇ ಹಗ್ಗ ಹೊಸೆದ ಹಾಗೆ ಕೊನೆಯವರೆಗೆ. ಕಲಿಯಲು ಒಂದು ಭಾನುವಾರ ಹೋಗುತ್ತದೆ. ಕಲಿತ ಮೇಲೆ ನನ್ನ ಪೈ ಬಿಚ್ಚಿಕೊಂಡದ್ದು ತೀರಾ ಅಪರೂಪ.

ಮುಚ್ಚಿದ ಪೈಗಳನ್ನು ತಟ್ಟೆಯಲ್ಲಿ ಒಂದಕ್ಕೊಂದು ತಾಗದ ಹಾಗೆ ಜೋಡಿಸಿ 20 ನಿಮಿಷ ಫ್ರಿಜ್ಜಿನಲ್ಲಿಡಿ. ಮೇಲೆ ಚುಚ್ಚಬೇಡಿ. ಚುಚ್ಚುವುದು ಬೇಕ್ ಮಾಡುವವರಿಗೆ, ಹಬೆ ಹೋಗಲಿ ಅಂತ. ಇಲ್ಲಿ ಚುಚ್ಚಿದರೆ ಅದೇ ತೂತಿನಿಂದ ಎಣ್ಣೆ ಒಳಗೆ ಬರುತ್ತದೆ.

ಕರಿಯುವುದು

ದಪ್ಪ ತಳದ ಬಾಣಲೆ ಇಡಿ. ಎಣ್ಣೆ 5 ಸೆಂಟಿಮೀಟರ್ ಆಳ ಇರಲಿ, ಆದರೆ ಬಾಣಲೆಯ ಅರ್ಧ ದಾಟಬಾರದು. ಕಡಲೆಕಾಯಿ ಎಣ್ಣೆ ಅಥವಾ ಸೂರ್ಯಕಾಂತಿ ಎಣ್ಣೆ, ಯಾವುದಾದರೂ ಆಗುತ್ತದೆ. ಹಪ್ಪಳ, ಮೆಣಸಿನಕಾಯಿ ಬಜ್ಜಿ ಕರಿದ ಎಣ್ಣೆ ಬೇಡ, ಹಣ್ಣಿನ ಘಮ ಪೂರ್ತಿ ಹೋಗುತ್ತದೆ.

ಎಣ್ಣೆಯ ಬಿಸಿ 175 ಡಿಗ್ರಿ ಸೆಲ್ಸಿಯಸ್ ಹತ್ತಿರ ಇರಬೇಕು. ಥರ್ಮಾಮೀಟರ್ ಇಲ್ಲದಿದ್ದರೆ ಬಟಾಣಿಯಷ್ಟು ಕಣಕ ಹಾಕಿ ನೋಡಿ. ತಳ ಮುಟ್ಟಿ, ಮೂರು ನಾಲ್ಕು ಸೆಕೆಂಡಿಗೆ ಸಣ್ಣ ಗುಳ್ಳೆಗಳ ಜೊತೆ ಮೇಲೆ ಬಂದರೆ ಸರಿ. ತಳದಲ್ಲೇ ಕೂತರೆ ಇನ್ನೂ ಕಾಯಬೇಕು. ಹಾಕಿದ ತಕ್ಷಣ ಮೇಲೆದ್ದು ಕೆಂಪಾದರೆ ಬಿಸಿ ಜಾಸ್ತಿಯಾಗಿದೆ, ಉರಿ ತಗ್ಗಿಸಿ ಎರಡು ನಿಮಿಷ ಬಿಡಿ. ಎಣ್ಣೆ ತಣ್ಣಗಿದ್ದರೆ ಪೈ ಎಣ್ಣೆ ಕುಡಿಯುತ್ತದೆ. ತುಂಬಾ ಕಾದಿದ್ದರೆ ಹೊರಗೆ ಕೆಂಪಾಗಿ, ಮಡಿಕೆಯ ಒಳಗೆ ಹಸಿಯೇ ಉಳಿಯುತ್ತದೆ.

ಜಾಲರಿ ಸೌಟಿನ ಮೇಲೆ ಪೈ ಇಟ್ಟು ಮೆಲ್ಲಗೆ ಇಳಿಸಿ. ಒಂದು ಸಲಕ್ಕೆ ಎರಡೋ ಮೂರೋ ಮಾತ್ರ. ತಣ್ಣಗಿನ ಪೈ ಒಟ್ಟಿಗೆ ಐದಾರು ಬಿದ್ದರೆ ಎಣ್ಣೆಯ ಬಿಸಿ ಒಮ್ಮೆಲೇ ಇಳಿದುಹೋಗುತ್ತದೆ. ಮೊದಲ ಒಂದು ನಿಮಿಷ ಮುಟ್ಟಬೇಡಿ, ಆಗ ಅಂಚು ಇನ್ನೂ ಮೆತ್ತಗಿರುತ್ತದೆ. ಆಮೇಲೆ ಮೇಲ್ಭಾಗಕ್ಕೆ ಬಿಸಿ ಎಣ್ಣೆಯನ್ನು ಸೌಟಿನಿಂದ ಎರಚಿ. ಒಂದೊಂದು ಬದಿಗೆ ಎರಡು, ಎರಡೂವರೆ ನಿಮಿಷ ಹಿಡಿಯುತ್ತದೆ. ಒಬ್ಬಟ್ಟಿನ ಬೆಲ್ಲದ ಬಣ್ಣ ಬಂದಾಗ ತೆಗೆಯಿರಿ. ಹೊರಗೆ ತೆಗೆದ ಮೇಲೂ ಬಣ್ಣ ಒಂದು ಛಾಯೆ ಏರುತ್ತದೆ.

ಎಷ್ಟೇ ಜೋಪಾನ ಮಾಡಿದರೂ ಒಂದು ಬಾಯಿ ಬಿಡಬಹುದು. ಆಗ ಉರಿ ತಗ್ಗಿಸಿ, ಆ ಪೈಯನ್ನು ತಕ್ಷಣ ತೆಗೆದುಬಿಡಿ. ಎಣ್ಣೆಗೆ ಬಿದ್ದ ಹೂರಣವನ್ನು ಜಾಲರಿಯಲ್ಲಿ ಎತ್ತಿ, ಆಮೇಲೆ ಮುಂದಿನದ್ದು ಹಾಕಿ. ಹಾಗೇ ಬಿಟ್ಟರೆ ಸೀದ ಸಕ್ಕರೆಯ ಕಹಿ ಉಳಿದ ಎಲ್ಲ ಪೈಗೂ ಹತ್ತುತ್ತದೆ. ಒಂದು ಉಕ್ಕಿನ ಮುಚ್ಚಳ ಪಕ್ಕದಲ್ಲೇ ಇರಲಿ. ಎಣ್ಣೆಗೆ ಬೆಂಕಿ ಹತ್ತಿದರೆ ಗ್ಯಾಸ್ ಆರಿಸಿ ಮುಚ್ಚಳ ಮುಚ್ಚುವುದೊಂದೇ ದಾರಿ. ನೀರು ಯಾವತ್ತೂ ಹಾಕಬಾರದು. ಸಣ್ಣ ಮಕ್ಕಳನ್ನು ಈ ಹೊತ್ತಿನಲ್ಲಿ ಅಡುಗೆಮನೆಯಿಂದ ಹೊರಗಿಡಿ.

ಕರಿದದ್ದನ್ನು ಪೇಪರ್ ಮೇಲೆ ಮಲಗಿಸಬೇಡಿ. ಅಡಿಯಲ್ಲಿ ಹಬೆ ಸೇರಿ ಮೆತ್ತಗಾಗುತ್ತದೆ. ತೂತಿನ ಬುಟ್ಟಿಯಲ್ಲಿ ಅಂಚು ಕೆಳಗೆ ಬರುವ ಹಾಗೆ ನಿಲ್ಲಿಸಿ, ಎಣ್ಣೆ ತಾನಾಗಿ ಇಳಿಯುತ್ತದೆ.

ಮೇಲಿನ ಸಿಂಗಾರ

ಅಮೆರಿಕದಲ್ಲಿ ಇದರ ಮೇಲೆ ಸಕ್ಕರೆ ಪಾಕದ ತೆಳು ಲೇಪ ಕೊಡುತ್ತಾರೆ. 100 ಗ್ರಾಂ ಐಸಿಂಗ್ ಸಕ್ಕರೆಗೆ ಒಂದೂವರೆ ದೊಡ್ಡ ಚಮಚ ಹಾಲು ಹಾಕಿ ಕಲಸಿ, ಪೈ ಉಗುರುಬೆಚ್ಚಗಿರುವಾಗ ಸವರಿದರೆ ಆಯಿತು. ನನಗೆ ಅದಕ್ಕಿಂತ ನಮ್ಮ ಮದುವೆ ಊಟದ ಚಿರೋಟಿಯ ರೀತಿಯೇ ಇಷ್ಟ. ಸಕ್ಕರೆ, ಏಲಕ್ಕಿ ಒಟ್ಟಿಗೆ ಪುಡಿ ಮಾಡಿ ಮೇಲೆ ಉದುರಿಸಿದರೆ ಸಾಕು. ಅನಾನಸ್ ಹುಳಿಗೆ ಅದು ಚೆನ್ನಾಗಿ ಹೊಂದುತ್ತದೆ.

ಇಡುವುದು, ಉಳಿಸುವುದು

ಕರಿದ ದಿನವೇ ತಿಂದರೆ ಚೆನ್ನ. ಮಾರನೇ ದಿನಕ್ಕೆ ಕಣಕ ಹೂರಣದ ತೇವ ಎಳೆದು ಮೆತ್ತಗಾಗುತ್ತದೆ. ಜಾಸ್ತಿ ಮಾಡುವುದಿದ್ದರೆ ಹಸಿ ಪೈಗಳನ್ನೇ ತಟ್ಟೆಯಲ್ಲಿ ಫ್ರೀಜರಿಗಿಟ್ಟು, ಕಲ್ಲಿನಂತೆ ಗಟ್ಟಿಯಾದ ಮೇಲೆ ಡಬ್ಬಿಗೆ ತುಂಬಿ. ಒಂದು ತಿಂಗಳು ಆರಾಮಾಗಿ ಇರುತ್ತವೆ. ಕರಿಯುವಾಗ ಕರಗಿಸಬೇಡಿ. ಮೇಲಿನ ಹಿಮವನ್ನು ಒರೆಸಿ, ನೇರ ಎಣ್ಣೆಗೆ ಬಿಡಿ. ಉರಿ ಸ್ವಲ್ಪ ಕಡಿಮೆ ಇಟ್ಟು, ಎರಡು ನಿಮಿಷ ಜಾಸ್ತಿ ಕರಿಯಿರಿ. ಎಣ್ಣೆ ತಿನ್ನಬಾರದವರಿಗೆ 200 ಡಿಗ್ರಿ ಓವನ್ನಿನಲ್ಲಿ 20 ರಿಂದ 25 ನಿಮಿಷ ಬೇಯಿಸಬಹುದು. ಆಗ ಮಾತ್ರ ಮೇಲೆ ಹಾಲು ಸವರಿ, ಎರಡು ಕಡೆ ಚುಚ್ಚಿ.

ಇನ್ನೊಂದು ಮಾತು. ಬುಟ್ಟಿಯಲ್ಲಿ ನಿಂತ ಪೈ ಹೊರಗಿನಿಂದ ಆರಿದ ಹಾಗೆ ಕಂಡರೂ ಒಳಗಿನ ಪಾಕ ಸುಡುತ್ತಿರುತ್ತದೆ. ನಾಲಿಗೆಗೆ ಅಂಟಿಕೊಂಡರೆ ಬಿಡುವುದಿಲ್ಲ. ಕನಿಷ್ಠ ಹತ್ತು ಹದಿನೈದು ನಿಮಿಷ ಕಾಯಬೇಕು. ನಮ್ಮ ಮನೆಯಲ್ಲಿ ಆ ಹತ್ತು ನಿಮಿಷಕ್ಕೆ ಬೇರೆ ಏರ್ಪಾಡಿದೆ. ಅಂಚು ಸರಿ ಮಾಡುವಾಗ ಉಳಿದ ಕಣಕದ ಚೂರುಗಳನ್ನೆಲ್ಲ ಸೇರಿಸಿ, ಲಟ್ಟಿಸಿ, ಶಂಕರಪೋಳಿ ಹಾಗೆ ಕತ್ತರಿಸಿ ಅದೇ ಎಣ್ಣೆಯಲ್ಲಿ ಕರಿಯುತ್ತೇವೆ. ಮೇಲೆ ಏಲಕ್ಕಿ ಸಕ್ಕರೆ. ಅತ್ತೆ ಅದನ್ನು ಒಂದು ತಟ್ಟೆಗೆ ಹಾಕಿ ನಡುಮನೆಗೆ ತಗೊಂಡು ಹೋಗುತ್ತಾರೆ. ಮಕ್ಕಳು ಅದನ್ನು ಮುಗಿಸುವ ಹೊತ್ತಿಗೆ ಪೈ ಆರಿರುತ್ತದೆ.